ಡಬಲ್ ಚೋಲ್ ನಾಣ್ಯ

ಪುತ್ತೂರಿನ ಅಡಿಕೆ ಅಂಗಡಿಗೆ ಒಂದು ಗೋಣಿ ಅಡಿಕೆ ಕೊಂಡುಹೋಗಿ ನೋಡಿ. ಅಂಗಡಿಯವರು ನಿಮ್ಮ ಮುಖ ನೋಡುವುದಿಲ್ಲ. ನಿಮ್ಮ ಅಜ್ಜ ಊರಿನ ಪಟೇಲರಾಗಿದ್ದರು ಎಂಬ ಕಥೆಗೂ ಕಿವಿ ಕೊಡುವುದಿಲ್ಲ. ಗೋಣಿಯ ಬಾಯಲ್ಲಿ ಒಳ್ಳೆಯದನ್ನಿಟ್ಟು ಬುಡದಲ್ಲಿ ಕರಿಗೋಟು ತುಂಬುವ ವಿದ್ಯೆ ಈ ಊರಿಗೆ ಹೊಸತಲ್ಲ ಎಂಬುದು ಅವರಿಗೆ ಗೊತ್ತು. ಮೊಣಕೈವರೆಗೆ ಕೈ ಇಳಿಸಿ ಅಡಿಯಿಂದ ನಾಲ್ಕು ಅಡಿಕೆ ತೆಗೆಯುತ್ತಾರೆ, ಕತ್ತರಿಸುತ್ತಾರೆ, ಹೋಳನ್ನು ಬೆಳಕಿಗೆ ಹಿಡಿಯುತ್ತಾರೆ. "ಇದು ಡಬಲ್ ಚೋಲ್ ಅಲ್ಲ ಮಾರಾಯ್ರೆ. ಹೊಸತಕ್ಕೆ ಹಳತಿನ ಅಂಗಿ ಹಾಕಿಸಿ ತಂದಿದ್ದೀರಿ" ಎಂದು ಗೋಣಿಯ ಬಾಯಿ ಕಟ್ಟುತ್ತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಹಿರಿಯರು ಸುಮ್ಮನೆ ಕಟ್ಟಿಲ್ಲ.

ಹೀಗೆ ಕತ್ತರಿಸಿಯೇ ನಂಬುವ ಸೀಮೆಯಲ್ಲಿ ಹುಟ್ಟಿ, ಐವತ್ತು ವರ್ಷ ಅಡಿಕೆ ಮಾರಿ, ಕೊನೆಗೆ ಕತ್ತರಿಸದೆ ನಂಬಿದವರು ನನ್ನ ಭಾವ.

ಬೆಳ್ಳಾರೆ ಕಡೆಯಲ್ಲಿ ಅವರ ಮನೆ. ಹಳೆಯ ಮನೆ ಕೆಡವಿ ತಾರಸಿ ಹಾಕಿಸುವ ಹೊತ್ತಿಗೆ ಅಟ್ಟದಿಂದ ಕಲೆಂಬಿ ಎಂಬ ಮರದ ಪೆಟ್ಟಿಗೆ ಇಳಿಸಿದ್ದಾರೆ. ಅದರ ಅಡಿಯಲ್ಲಿ ಒಂದು ತಗಡಿನ ಡಬ್ಬಿ, ಡಬ್ಬಿಯ ತುಂಬ ನಾಣ್ಯ. ಬೆಳಿಗ್ಗೆ ಆರು ಗಂಟೆಗೆ ನನಗೆ ಫೋನು.

"ಭಾವ, ಸಿಕ್ಕಿತು."

"ಎಂತ ಸಿಕ್ಕಿತು?"

"ಹದಿನೆಂಟು ಹದಿನೆಂಟು."

ನಾನು ಯಾವುದೋ ಸ್ಕೂಟರಿನ ನಂಬರ್ ಇರಬೇಕು ಎಂದುಕೊಂಡೆ. ಅಲ್ಲ. ಈಸ್ಟ್ ಇಂಡಿಯಾ ಕಂಪನಿಯ 1818ರ ನಾಣ್ಯ. ಒಂದು ಮುಖದಲ್ಲಿ ರಾಮ, ಸೀತೆ, ಲಕ್ಷ್ಮಣ, ಕಾಲಬುಡದಲ್ಲಿ ಹನುಮಂತ. ಇನ್ನೊಂದರಲ್ಲಿ ಕಮಲ, ಸುತ್ತ ಇಂಗ್ಲಿಷ್ ಅಕ್ಷರ. ಮೊಬೈಲಿನಲ್ಲಿ ಒಬ್ಬ ಕೋಟು ತೊಟ್ಟವನು ಇದಕ್ಕೆ ನಲುವತ್ತೈದು ಲಕ್ಷ ಎಂದದ್ದನ್ನು ಭಾವ ಮೂರು ಸಲ ನೋಡಿದ್ದರು. ಮೊದಲ ಸಲ ಒಬ್ಬರೇ, ಎರಡನೇ ಸಲ ಅಕ್ಕನೊಂದಿಗೆ, ಮೂರನೇ ಸಲ ಬಾಗಿಲು ಹಾಕಿಕೊಂಡು.

ನಾನು ಹೋದೆ. ಭಾವ ನಾಣ್ಯವನ್ನು ಕೆಂಪು ಪಟ್ಟೆಯ ತುಂಡಿನಲ್ಲಿ ಸುತ್ತಿ ದೇವರ ಕೋಣೆಯಲ್ಲಿ ಇಟ್ಟಿದ್ದರು. ಸ್ನಾನ ಮಾಡಿ ಬಂದವರಿಗೆ ಮಾತ್ರ ದರ್ಶನ. ಮಗಳ ಮದುವೆಗೆ ಚಿನ್ನ ತೆಗೆಯುವಾಗ ಒರೆಗಲ್ಲಿಗೆ ಉಜ್ಜಿಸಿ, ಸಾಲದೆಂದು ಇನ್ನೊಬ್ಬ ಆಚಾರಿಯಿಂದ ಮತ್ತೊಮ್ಮೆ ಉಜ್ಜಿಸಿದ್ದ ಅದೇ ಮನುಷ್ಯ! ನಾನು ಚಿಕ್ಕ ತಕ್ಕಡಿ ತಂದಿದ್ದೇನೆ ಎಂದಾಗ, "ದೇವರನ್ನು ತೂಗುವುದಾ?" ಎಂದು ಮುಖ ಸಿಂಡರಿಸಿದರು.

ಸರಿ, ತೂಗಲಿಲ್ಲ. ಇತಿಹಾಸ ಹೇಳಿದೆ.

1818ರಲ್ಲಿ ಈ ಬೆಳ್ಳಾರೆ ಕಂಪನಿಯ ಕೈಯಲ್ಲೇ ಇರಲಿಲ್ಲ. ಹಾಲೇರಿ ಅರಸರ ಕೊಡಗಿನದ್ದಾಗಿತ್ತು. 1834ರಲ್ಲಿ ಚಿಕ್ಕವೀರರಾಜನನ್ನು ಇಳಿಸಿದ ಮೇಲೆಯೇ ಅಮರ ಸುಳ್ಯದ ಸೀಮೆ ಕೆನರಾ ಜಿಲ್ಲೆಗೆ ಬಂದದ್ದು. ಕಂಪನಿಗೆ ಆಗ ಇಡೀ ದೇಶಕ್ಕೆ ಒಂದೇ ನಾಣ್ಯವೂ ಇರಲಿಲ್ಲ. ಬಂಗಾಳದ್ದೇ ಬೇರೆ, ಬೊಂಬಾಯಿಯದ್ದೇ ಬೇರೆ, ಮದರಾಸಿನದ್ದೇ ಬೇರೆ. ಎಲ್ಲ ಕಡೆಗೂ ಒಂದೇ ಅಚ್ಚಿನ ನಾಣ್ಯ ಬಂದದ್ದು 1835ರಲ್ಲಿ. ಆ ವರ್ಷದ ತಾಮ್ರದ ಅರ್ಧಾಣೆ ನೋಡಿ: ಒಂದು ಕಡೆ ಕಂಪನಿಯ ಲಾಂಛನ ಹಿಡಿದ ಎರಡು ಸಿಂಹ, ಕೆಳಗೆ ಲ್ಯಾಟಿನ್ ವಾಕ್ಯ, ಇನ್ನೊಂದು ಕಡೆ ಎಲೆಯ ಮಾಲೆಯೊಳಗೆ ಬೆಲೆ. ರಾಮನೂ ಇಲ್ಲ, ಕಮಲವೂ ಇಲ್ಲ.

"ಹಾಗಾದರೆ ಕಂಪನಿಯವರು ದೇವರನ್ನು ನಾಣ್ಯದಲ್ಲಿ ಹಾಕಲೇ ಇಲ್ಲವಾ?" ಎಂದರು ಭಾವ, ವಕೀಲರ ಹಾಗೆ.

ಹಾಕಿದ್ದಾರೆ, ಅದನ್ನೂ ಒಪ್ಪಬೇಕು. ವ್ಯಾಪಾರ ನಡೆಯುವುದಾದರೆ ಕಂಪನಿ ಯಾವ ದೇವರಿಗೂ ಅಡ್ಡ ಬಂದದ್ದಿಲ್ಲ. ಮದರಾಸಿನ ಚಿನ್ನದ ಪಗೋಡಗಳಲ್ಲಿ ವಿಷ್ಣು ಇದ್ದ. ಕಂಪನಿಗಿಂತ ಮೊದಲು ಹೈದರಾಲಿಯೂ ತನ್ನ ಬಹಾದುರಿ ವರಹದ ಮೇಲೆ ಇಕ್ಕೇರಿಯ ಶಿವ ಪಾರ್ವತಿಯರನ್ನು ಕದಲಿಸದೆ, ಹಿಂದೆ ತನ್ನ ಹೆಸರಿನ ಒಂದು ಅಕ್ಷರ ಮಾತ್ರ ಹಾಕಿಕೊಂಡ. ಜನ ಯಾವ ಮುಖ ನೋಡಿ ನಾಣ್ಯ ನಂಬುತ್ತಾರೆ ಎಂಬುದು ಆಳುವವರಿಗೆ ಯಾವತ್ತೂ ಗೊತ್ತಿತ್ತು. ಅದು ನಕಲಿ ಅಚ್ಚು ಹಾಕುವವನಿಗೂ ಗೊತ್ತು. ರಾಮನನ್ನು ಹಾಕಿದರೆ ತೂಗಲು ಬರುವವರಿಲ್ಲ. ಅಷ್ಟೇ ಲೆಕ್ಕ.

ರಾಮಟಂಕೆ ಎಂಬುದು ಹಿಂದಿನಿಂದಲೂ ಇತ್ತು. ಪೂಜೆಗೆ, ಹರಕೆಗೆ ಇಟ್ಟುಕೊಳ್ಳುವ ಬಿಲ್ಲೆ. ಅಂಗಡಿಯಲ್ಲಿ ಕೊಟ್ಟು ಸಾಮಾನು ತರುವ ಹಣವಲ್ಲ. ಅದರ ಮೇಲೆ ಕಂಪನಿಯ ಹೆಸರನ್ನೂ 1616, 1717, 1818 ಎಂದು ಫ್ಯಾನ್ಸಿ ನಂಬರನ್ನೂ ಹೊಡೆದದ್ದು ಆಮೇಲಿನವರ ಕೈಚಳಕ. ಇಸವಿ ನೋಡಿದರೇ ತಿಳಿಯಬೇಕು; ಕಾರು ಕೊಂಡವರು ಆರ್‌ಟಿಓ ಆಫೀಸಿನಲ್ಲಿ ದುಡ್ಡು ಕೊಟ್ಟು ತೆಗೆಯುವಂಥ ನಂಬರುಗಳು ಅವು. ತಮಾಷೆಯೆಂದರೆ, ಮದರಾಸು ಸರಕಾರ ಪಗೋಡದ ಲೆಕ್ಕ ಬಿಟ್ಟು ಬೆಳ್ಳಿಯ ರೂಪಾಯಿಯ ಲೆಕ್ಕಕ್ಕೆ ಬಂದದ್ದು ಅದೇ 1818ರಲ್ಲಿ. ಖೋಟಾ ಹೊಡೆದವನಿಗೆ ಗೊತ್ತಿಲ್ಲದೆ ಅವನ ಬಾಯಿಂದಲೂ ಒಂದು ನಿಜ ಬಿದ್ದುಬಿಟ್ಟಿದೆ.

ಅಷ್ಟರಲ್ಲಿ ಅಕ್ಕ ಚಹಾ ತಂದರು. ಪಟ್ಟೆಯ ತುಂಡಿನ ಕಡೆ ನೋಡಿ, "ಅದು ಮಾವನವರು ಷಷ್ಠಿ ಜಾತ್ರೆಗೆ ಹೋದಾಗ ಸುಬ್ರಹ್ಮಣ್ಯದ ಸಂತೆಯಿಂದ ತಂದದ್ದು. ಇಪ್ಪತ್ತು ರೂಪಾಯಿ ಹೇಳಿದ್ದನಂತೆ, ಹದಿನೈದಕ್ಕೆ ಮಾಡಿದ್ದು" ಎಂದರು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಭಾವ ಎರಡು ಗುಟುಕು ಚಹಾ ಕುಡಿದು, ನಿಧಾನಕ್ಕೆ ತಲೆ ಎತ್ತಿ ಹೇಳಿದರು: "ಆ ಸಂತೆಯವನಿಗೆ ಗೊತ್ತಿಲ್ಲದೆ ಒರಿಜಿನಲ್ ಕೊಟ್ಟುಬಿಟ್ಟಿದ್ದಾನೆ!"

ಹಳೆ ನಾಣ್ಯದ ಲೋಕ ನಿಂತಿರುವುದು ಈ ಒಂದು ವಾಕ್ಯದ ಮೇಲೆ. ಮಾರುವವನು ದಡ್ಡ, ಕೊಂಡವನು ಅದೃಷ್ಟವಂತ. ಸಂತೆಯಲ್ಲಿ ಗುಡ್ಡೆ ಹಾಕಿ ಮಾರುವವನು ದಿನಕ್ಕೆ ನೂರು ಗಿರಾಕಿಗಳನ್ನು ಕಂಡವನು, ತನ್ನ ಗುಡ್ಡೆಯಲ್ಲಿ ಏನುಂಟೆಂದು ತಿಳಿಯದೆ ನಲುವತ್ತೈದು ಲಕ್ಷವನ್ನು ಹದಿನೈದು ರೂಪಾಯಿಗೆ ಕೊಟ್ಟು, ಮೇಲೆ ಪ್ಲಾಸ್ಟಿಕ್ ಕವರನ್ನೂ ಧರ್ಮಕ್ಕೆ ಕೊಟ್ಟು ಕಳಿಸುತ್ತಾನೆ ಎಂದು ನಂಬಲು ಬಹಳ ದೊಡ್ಡ ಭಕ್ತಿ ಬೇಕು.

ಇದರಲ್ಲಿ ನಮ್ಮ ಅಡಿಕೆಯ ತಪ್ಪೂ ಉಂಟು. ಈ ಸೀಮೆಯಲ್ಲಿ ಹಳತಾದಷ್ಟೂ ರೇಟು ಏರುವುದನ್ನು ನೋಡಿ ಬೆಳೆದವರು ನಾವು. ಹೊಸ ಅಡಿಕೆಗಿಂತ ಸಿಂಗಲ್ ಚೋಲ್, ಸಿಂಗಲ್‌ಗಿಂತ ಡಬಲ್. ಹಾಗಾದರೆ ಇನ್ನೂರು ವರ್ಷದ ನಾಣ್ಯ ಎಷ್ಟು ಡಬಲ್ ಆಗಬೇಡ! ನಾಣ್ಯದ ಪೇಟೆಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಪ್ರಾಯಕ್ಕೆ ಬೆಲೆಯಿಲ್ಲ. ಎಷ್ಟು ಉಳಿದಿದೆ, ಯಾವ ಸ್ಥಿತಿಯಲ್ಲಿ ಉಳಿದಿದೆ, ಯಾರಿಗೆ ಬೇಕು, ಇಷ್ಟೇ. ವಿಜಯನಗರದ ಸವೆದ ತಾಮ್ರದ ಕಾಸು ಒಂದು ಊಟದ ಬೆಲೆಗೆ ಸಿಗಬಹುದು. ನಿನ್ನೆ ಮೊನ್ನೆಯ 1939ರ ಬೆಳ್ಳಿ ರೂಪಾಯಿ ಹುಡುಕಿದರೂ ಸಿಗದು. ಆರನೇ ಜಾರ್ಜ್‌ನ ಆ ರೂಪಾಯಿ ಅಪರೂಪದ್ದು ಎಂದು ಗೊತ್ತಾದದ್ದೇ ತಡ, 1938ರ ರೂಪಾಯಿಯ ಕೊನೆಯ ಅಂಕೆಯನ್ನು ಕೆತ್ತಿ ಒಂಬತ್ತು ಮಾಡುವ ಕುಶಲಕರ್ಮಿಗಳೂ ಹುಟ್ಟಿಕೊಂಡರು. ಅಲ್ಲಿ ನಾಣ್ಯವೂ ಅಸಲಿ, ಬೆಳ್ಳಿಯೂ ಅಸಲಿ, ರಾಜನೂ ಅಸಲಿ. ಒಂದು ಅಂಕೆ ಮಾತ್ರ ಸುಳ್ಳು. ನಮ್ಮ ಅಫಿಡವಿಟ್ಟುಗಳ ಹಾಗೆ.

ಭಾವನ ಡಬ್ಬಿಯಲ್ಲಿ ಬೇರೆ ಎಂತ ಉಂಟು ಎಂದು ಕೇಳಿದೆ. "ಅದೆಲ್ಲ ಹಾಳುಮೂಳು" ಎಂದು ಚಾಪೆಯ ಮೇಲೆ ಸುರಿದರು. ನಡುವೆ ತೂತಿರುವ ಒಟ್ಟೆ ಮುಕ್ಕಾಲು ಹತ್ತಿಪ್ಪತ್ತು, ಮಹಾಯುದ್ಧದ ಕಾಲದ್ದು. ನಯಾ ಪೈಸೆಗಳು, 1957ರಿಂದ ಈಚೆಯವು. ನಾಲ್ಕು ಬೆಳ್ಳಿ ರೂಪಾಯಿ. ಅವನ್ನು ತಕ್ಕಡಿಗೆ ಹಾಕಲು ಭಾವನ ತಕರಾರಿರಲಿಲ್ಲ, ರಾಜನಲ್ಲವೇ, ದೇವರಲ್ಲವಲ್ಲ. ಸರಿಯಾದ ರೂಪಾಯಿ ಒಂದು ತೊಲ, 11.66 ಗ್ರಾಂ. ನಮ್ಮ ಅಜ್ಜಿಯಂದಿರು ಮದ್ದಿಗೆ ಶುಂಠಿ, ಓಮ ತೂಗುವಾಗ 'ಒಂದು ರೂಪಾಯಿ ತೂಕ' ಎನ್ನುತ್ತಿದ್ದದ್ದು ಇದನ್ನೇ. ನಾಲ್ಕರಲ್ಲಿ ಮೂರು ಸರಿ ತೂಗಿದವು. ನಾಲ್ಕನೆಯದ್ದು ಹಗುರ, ಅಂಚಿನಲ್ಲಿ ಎರಕದ ಗೆರೆ ಬೇರೆ. ಖೋಟಾ. ಅಜ್ಜನ ಕಾಲದಲ್ಲೇ ಯಾರೋ ಅಜ್ಜನಿಗೆ ದಾಟಿಸಿದ್ದು. ಮೋಸ ಹೋಗುವುದು ಈ ಮನೆಗೆ ಪಿತ್ರಾರ್ಜಿತ ಎಂಬುದಕ್ಕೆ ಇದಕ್ಕಿಂತ ಬೇರೆ ದಾಖಲೆ ಬೇಡ.

ಆ ರಾಶಿಯ ಅಡಿಯಲ್ಲಿ ಉಗುರಿನಷ್ಟು ದಪ್ಪದ ಒಂದು ತಾಮ್ರದ ತುಂಡು ಸಿಕ್ಕಿತು. ಓರೆ ಹಿಡಿದು ನೋಡಿದೆ. ಆನೆ. ಸೊಂಡಿಲು ಕೆಳಗೆ, ಬಾಲ ಸ್ವಲ್ಪ ಸವೆದಿದೆ. ಹಿಂದೆ ಪಾರಸಿ ಅಕ್ಷರ. ಟಿಪ್ಪುವಿನ ಆನೆ ಕಾಸು! ಶ್ರೀರಂಗಪಟ್ಟಣ, ನಗರ, ಚಿತ್ರದುರ್ಗ ಎಂದು ಹತ್ತಾರು ಟಂಕಸಾಲೆಗಳಿಂದ ಹೊರಟು ಘಟ್ಟ ಇಳಿದು ಬಂದ ಹಣ. 1784ರಲ್ಲಿ ಮಂಗಳೂರಿನಲ್ಲಿ ಕಂಪನಿಯವರನ್ನು ಕೂರಿಸಿ ಒಪ್ಪಂದಕ್ಕೆ ಸಹಿ ಹಾಕಿಸಿದವನ ಕಾಸು ಇವರ ಕಲೆಂಬಿಯಲ್ಲಿ ಇನ್ನೂರು ವರ್ಷ ಮಲಗಿತ್ತು.

"ಇದು ಅಸಲಿ, ಭಾವ" ಎಂದೆ. ನನ್ನ ಧ್ವನಿ ಸ್ವಲ್ಪ ನಡುಗಿರಬೇಕು.

"ಇಸವಿ ಎಲ್ಲುಂಟು?"

"ಪಾರಸಿಯಲ್ಲಿ ಹಾಕುತ್ತಿದ್ದರು. ಟಿಪ್ಪು ಆಮೇಲಾಮೇಲೆ ಅಂಕೆಗಳನ್ನು ಬಲದಿಂದ ಎಡಕ್ಕೆ ಬರೆಸಿದ, ಅದೂ ತನ್ನದೇ ಮೌಲೂದಿ ಶಕೆಯಲ್ಲಿ. ಇದರಲ್ಲಿ ಸವೆದುಹೋಗಿದೆ."

"ಇಸವಿ ಇಲ್ಲ, ಇದ್ದರೂ ಉಲ್ಟಾ. ಇಂಗ್ಲಿಷ್ ಇಲ್ಲ. ದೇವರಿಲ್ಲ. ಅದು ಎಂತ ಅಸಲಿ?" ಎಂದರು ಭಾವ. "ಎಷ್ಟು ಬರಬಹುದು?"

ಚೆನ್ನಾಗಿದ್ದರೆ ಕೆಲವು ನೂರು ರೂಪಾಯಿ ಎಂದೆ. ಅವರ ಮುಖದಲ್ಲಿ ಇದ್ದ ಸ್ವಲ್ಪ ಕುತೂಹಲವೂ ಆರಿತು. ಮಾತನಾಡುತ್ತಿದ್ದ ಹಾಗೆಯೇ ಅಕ್ಕ ಆ ಆನೆಯನ್ನು ಒಳಗೆ ಕೊಂಡುಹೋಗಿ, ಪುನರ್ಪುಳಿ ಸಿಪ್ಪೆ ಹಾಕಿ ಉಜ್ಜಿ, ಹರಿವಾಣದ ಹಾಗೆ ಫಳಫಳ ಮಾಡಿ ತಂದುಕೊಟ್ಟರು. ಇನ್ನೂರು ವರ್ಷದ ಮಣ್ಣು, ಬೆವರು, ಗಾಳಿ ಸೇರಿ ಕಟ್ಟಿದ್ದ ಕಂದು ಚರ್ಮ ಎರಡು ನಿಮಿಷದಲ್ಲಿ ಚರಂಡಿಗೆ ಹೋಯಿತು. ಸಂಗ್ರಾಹಕರು ಬೆಲೆ ಕಟ್ಟುವುದೇ ಆ ಚರ್ಮಕ್ಕೆ. ಈಗ ಅದನ್ನು ಯಾರಿಗೆ ತೋರಿಸಿದರೂ ಮೊದಲ ಮಾತು ಒಂದೇ: "ಹೊಸತು ಕಾಣ್ತದೆ, ಡುಪ್ಲಿಕೇಟ್ ಇರಬೇಕು."

ಆ ಮಾತಿನ ಮಹಿಮೆಯನ್ನೂ ಇಲ್ಲೇ ಹೇಳಿಬಿಡಬೇಕು. ನಂಬುವವರ ಎದುರಿಗೆ ನಮ್ಮಲ್ಲಿ ನಂಬದವರ ಪಂಗಡವೂ ಉಂಟು: ಭೂತಗನ್ನಡಿ ಇಟ್ಟುಕೊಂಡ ಜ್ಞಾನಿಗಳು. ನೀವು ಎಂಥದ್ದೇ ನಾಣ್ಯ ತೋರಿಸಿ, ಮೊದಲು ತುಟಿ ಒತ್ತುತ್ತಾರೆ. ಆಳುಪರ ಜೋಡಿ ಮೀನಿನ ಕಾಸನ್ನೇ ತೋರಿಸಿ. 'ಶ್ರೀ ಪಾಂಡ್ಯ ಧನಂಜಯ' ಎಂದು ಅದರಲ್ಲೇ ಬರೆದಿದ್ದರೂ ಅವರಿಗೆ ಸಾಕ್ಷಿ ಸಾಲದು. "ಮೀನಿನ ಕಣ್ಣು ಸರಿಯಿಲ್ಲ" ಎನ್ನುತ್ತಾರೆ. ನಿಟ್ಟುಸಿರು ಬಿಟ್ಟು ಭೂತಗನ್ನಡಿ ಕೆಳಗಿಡುತ್ತಾರೆ. ನೀವು ನಾಣ್ಯ ಕಿಸೆಗೆ ಹಾಕಿ ಎದ್ದು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕರೆ: "ಡುಪ್ಲಿಕೇಟೇ. ಆದರೂ ನೀವು ಬಿಸಿಲಿಗೆ ಬಂದಿದ್ದೀರಿ, ಇನ್ನೂರು ಕೊಡುವ." ಡುಪ್ಲಿಕೇಟಿಗೆ ಇನ್ನೂರು ಯಾಕೆ ಎಂದು ಕೇಳಬಾರದು. ಅಸಲಿ ನಕಲಿ ಎಂಬ ಭೇದ ನಾಣ್ಯದಲ್ಲಿರುವುದಿಲ್ಲ, ಅದು ಮೇಜಿನ ಯಾವ ಬದಿಯಲ್ಲಿ ಕೂತಿದ್ದೀರಿ ಎಂಬುದರಲ್ಲಿರುತ್ತದೆ. ಈಚೆ ಬದಿಗೆ ಖೋಟಾ ಆಗಿದ್ದದ್ದು ಆಚೆ ಬದಿಗೆ ದಾಟಿದ ಕೂಡಲೇ ಮ್ಯೂಸಿಯಮ್ಮಿನ ವಸ್ತು.

ನಿಜವಾಗಿ ತಿಳಿಯಬೇಕೆಂದವರಿಗೆ ದಾರಿ ದೂರವಿಲ್ಲ. ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ಮೇಲೆ 1975ರಲ್ಲೇ ಪುಸ್ತಕ ಬರೆದಿಟ್ಟಿದ್ದಾರೆ. ಧರ್ಮಸ್ಥಳದ ಮಂಜೂಷಾ ಮ್ಯೂಸಿಯಮ್ಮಿನಲ್ಲಿ ನೋಡಲು ನಾಣ್ಯಗಳುಂಟು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯನ್ನು ಕಾರ್ಪೊರೇಷನ್ ಬ್ಯಾಂಕ್ ನಾಣ್ಯ ಸಂಗ್ರಹಾಲಯ ಮಾಡಿತು. 1906ರಲ್ಲಿ ಅವರು ಕಟ್ಟಿದ ಬ್ಯಾಂಕು 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕಿನಲ್ಲಿ ಕರಗಿಹೋಯಿತು. ಬ್ಯಾಂಕೇ ಈಗ ಹಳೆ ನಾಣ್ಯ. ಆದರೆ ಅಷ್ಟು ದೂರ ಹೋಗುವವರು ಯಾರು? ಹೋದರೆ ತಿಳಿಯುತ್ತದಲ್ಲ, ಅದೇ ತೊಂದರೆ.

ಭಾವ ಹೋದದ್ದು ಮೊಬೈಲಿನೊಳಗೆ. ಕೋಟಿನವನ ನಂಬರಿಗೆ ಫೋಟೋ ಕಳಿಸಿದರು. ಐದೇ ನಿಮಿಷದಲ್ಲಿ ಹಿಂದಿಯಲ್ಲಿ ಅಭಿನಂದನೆ ಬಂತು. ಹಿಂದೆಯೇ ಸೂಟ್‌ಕೇಸಿನಲ್ಲಿ ಜೋಡಿಸಿದ ನೋಟುಗಳ ಫೋಟೋ. ಅದರ ಹಿಂದೆ ರಿಸರ್ವ್ ಬ್ಯಾಂಕಿನ ಮೊಹರಿನ ಪತ್ರ, ಭಾವನ ಹೆಸರಿನಲ್ಲಿ ಎರಡು ಕಾಗುಣಿತ ತಪ್ಪುಗಳೊಂದಿಗೆ. ನೋಂದಣಿಗೆ 2,150 ರೂಪಾಯಿ. ಕಳಿಸಿದರು. ಮರುದಿನ ಎನ್‌ಓಸಿಗೆ 8,500. ಕಳಿಸಿದರು. ಮೂರನೇ ದಿನ ನಲುವತ್ತೈದು ಲಕ್ಷದ ಮೇಲಿನ ಜಿಎಸ್‌ಟಿಯಲ್ಲಿ ಮೊದಲ ಕಂತು. ಆಗ ಅಕ್ಕ ನನಗೆ ಫೋನು ಮಾಡಿದ್ದು.

ರಿಸರ್ವ್ ಬ್ಯಾಂಕು 2021ರ ಆಗಸ್ಟ್ 4ರಂದೇ ಪ್ರಕಟಣೆ ಕೊಟ್ಟಿತ್ತು: ಹಳೆ ನೋಟು ನಾಣ್ಯಗಳ ವ್ಯವಹಾರ ನಾವು ಮಾಡುವುದಿಲ್ಲ, ಅದಕ್ಕೆ ಶುಲ್ಕವೋ ಕಮಿಷನ್ನೋ ಕೇಳುವುದಿಲ್ಲ, ನಮ್ಮ ಹೆಸರಿನಲ್ಲಿ ವಸೂಲಿ ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ. ಪುನಃ ಹೋಗಿ ಅದನ್ನು ಓದಿ ಹೇಳಿದೆ. ಭಾವ ಸಮಾಧಾನದಿಂದ ಕೇಳಿ, "ಆ ಪ್ರಕಟಣೆ ಒರಿಜಿನಲ್ ಅಂತ ಎಂತ ಗ್ಯಾರಂಟಿ?" ಎಂದರು. ಅನುಮಾನ ಎಂಬುದು ಈ ಮನುಷ್ಯನಲ್ಲಿ ಸತ್ತಿರಲಿಲ್ಲ ನೋಡಿ! ತಪ್ಪು ವಿಳಾಸಕ್ಕೆ ಹೋಗುತ್ತಿತ್ತು, ಅಷ್ಟೇ.

ಹತ್ತು ಸಾವಿರದ ಆರುನೂರೈವತ್ತು ರೂಪಾಯಿಗೆ ಭಾವ ನಿಂತದ್ದು ಪುಣ್ಯ. ಕಡಬದ ಕಡೆಯ ನಮ್ಮ ಚಿಕ್ಕಪ್ಪನಲ್ಲಿಗೆ ಬಂದ ಜನ ಸಾವಿರದಲ್ಲಿ ಮಾತನಾಡುವವರೇ ಅಲ್ಲ. ಅವರದ್ದು ರೈಸ್ ಪುಲ್ಲಿಂಗ್. ಸಿಡಿಲು ಬಡಿದ ತಾಮ್ರದ ನಾಣ್ಯಕ್ಕೆ ಇರಿಡಿಯಂ ಶಕ್ತಿ ಬರುತ್ತದಂತೆ, ಹತ್ತಿರ ಇಟ್ಟ ಅಕ್ಕಿ ತಾನಾಗಿ ಸರಿದು ಬಂದು ಅಂಟುತ್ತದಂತೆ, ಅಂಥದ್ದನ್ನು ನಾಸಾದವರು ಕೋಟಿಗೆ ಕೊಳ್ಳುತ್ತಾರಂತೆ. ಸಿಡಿಲಿಗೆ ನಮ್ಮ ಘಟ್ಟದ ಬುಡದಲ್ಲಿ ಬರವಿಲ್ಲ. ವರ್ಷಕ್ಕೆ ನಾಲ್ಕು ತೆಂಗಿನಮರ, ಎರಡು ಟಿವಿ ಹೋಗುತ್ತವೆ. ಹಾಗೆ ನೋಡಿದರೆ ಕಡಬ ಇಷ್ಟರಲ್ಲಿ ಹೂಸ್ಟನ್ ಆಗಬೇಕಿತ್ತು. ಚಿಕ್ಕಪ್ಪ ಎಲ್ಲ ಕೇಳಿ, "ಅದು ಎಳೆಯುವುದು ಕುಚ್ಚಲಕ್ಕಿಯಾ, ಬೆಳ್ತಿಗೆಯಾ?" ಎಂದರಂತೆ. ಬಂದವರು ಮುಖ ಮುಖ ನೋಡಿಕೊಂಡರು. ಅವರು ಕಬ್ಬಿಣದ ಪುಡಿ ಸವರಿ ತಂದದ್ದು ಬೆಳ್ತಿಗೆಗೆ. ಚಿಕ್ಕಮ್ಮ ಒಳಗಿನಿಂದ ಒಂದು ಸೇರು ಕುಚ್ಚಲಕ್ಕಿ ತಂದಿಟ್ಟರು. ನಾಸಾ ಕಾಫಿ ಕುಡಿಯದೆ ಎದ್ದು ಹೋಯಿತು. ಆ ಸೀಮೆಯಲ್ಲಿ ನಾನು ಕಂಡ ಒಬ್ಬರೇ ನಾಣ್ಯಶಾಸ್ತ್ರಜ್ಞರು ಚಿಕ್ಕಪ್ಪ.

ನಿಜವಾದ ನಿಧಿಯೇ ಸಿಕ್ಕಿದರೆ? ಆಗ ನಮ್ಮವರ ಬಾಯಿ ಬಂದಾಗುತ್ತದೆ. 1878ರ ನಿಧಿ ಕಾಯ್ದೆ ಹೇಳುವುದು, ನೆಲದಲ್ಲಿ ಸಿಕ್ಕಿದ್ದು ಹತ್ತು ರೂಪಾಯಿಗಿಂತ ಹೆಚ್ಚಿನದ್ದಾದರೆ ಕಲೆಕ್ಟರಿಗೆ ತಿಳಿಸಬೇಕು ಎಂದು. ಕರ್ನಾಟಕ 1962ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ಕಾಯ್ದೆಗೆ ಹೆದರಿ ಚಿನ್ನದ ವರಹ ಆಚಾರಿಯ ಮೂಸೆಗೆ ಇಳಿದು ಬಳೆಯಾಗಿ ಮೇಲೇಳುತ್ತದೆ. ಬಾರಕೂರಿನ ಚರಿತ್ರೆ ಯಾರ ಕೈಯಲ್ಲಿ ಝಣಝಣ ಎನ್ನುತ್ತಿದೆಯೋ! ಅಸಲಿ ಸಿಕ್ಕಿದವನು ಕರಗಿಸುತ್ತಾನೆ, ನಕಲಿ ಸಿಕ್ಕಿದವನು ಪೂಜಿಸುತ್ತಾನೆ.

ಭಾವನ ಊರಿನವರಿಗೆ ನಾಣ್ಯದ ಬಿಸಿ ಹೊಸತೂ ಅಲ್ಲ. ಕೊಡಗಿನ ಅರಸರ ಕಾಲದಲ್ಲಿ ತೀರ್ವೆಯನ್ನು ಬೆಳೆಯಲ್ಲಿ ಕೊಡುತ್ತಿದ್ದ ರೈತರಿಗೆ, ಕಂಪನಿ ಬಂದು ನಗದಿನಲ್ಲೇ ಎಣಿಸಿ ಕೊಡಿ ಎಂದದ್ದು 1837ರ ದಂಗೆಯ ದೊಡ್ಡ ಕಾರಣಗಳಲ್ಲಿ ಒಂದು. ಕೆದಂಬಾಡಿ ರಾಮಯ್ಯ ಗೌಡರ ಜನ ಮೊದಲು ಕೈ ಹಾಕಿದ್ದು ಇದೇ ಬೆಳ್ಳಾರೆಯ ಖಜಾನೆಗೆ. ಅಲ್ಲಿಂದ ಮಂಗಳೂರಿಗೆ ನಡೆದು ಬಾವುಟಗುಡ್ಡದಲ್ಲಿ ಬಾವುಟ ಏರಿಸಿದರು, ಹದಿಮೂರು ದಿನ ಆಳಿದರು. ಕಂಪನಿಯ ಅಸಲಿ ನಾಣ್ಯವನ್ನೇ ಒಪ್ಪದೆ ಎದ್ದು ನಿಂತ ಊರು ಅದು. ಅದೇ ಊರಿನಲ್ಲಿ ಈಗ ಕಂಪನಿಯ ನಕಲಿ ನಾಣ್ಯಕ್ಕೆ ಎರಡು ಹೊತ್ತು ದೀಪ.

ಭಾವನ ಮನೆಯಿಂದ ಹಿಂದೆ ಬರುವಾಗ ಪುತ್ತೂರು ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲಿಗೆ ಹೋದೆ. ಬನ್ಸು, ಚಹಾ. ಬಿಲ್ಲಿಗೆ ಮೂರು ನೋಟು, ಒಂದು ಹತ್ತು ರೂಪಾಯಿಯ ನಾಣ್ಯ ಇಟ್ಟೆ. ಗಲ್ಲಾದಲ್ಲಿದ್ದವರು ನಾಣ್ಯವನ್ನು ಬೆರಳ ತುದಿಯಿಂದ ನನ್ನ ಕಡೆಗೆ ತಳ್ಳಿದರು.

"ಇದು ನಡೆಯುದಿಲ್ಲ."

"ಯಾಕೆ?"

"ಡುಪ್ಲಿಕೇಟ್ ಉಂಟಂತೆ. ಹತ್ತು ಗೆರೆಯದ್ದು ಬೇರೆ, ಹದಿನೈದು ಗೆರೆಯದ್ದು ಬೇರೆ. ಯಾರೂ ತೆಗೊಳ್ಳುದಿಲ್ಲ."

ಹದಿನಾಲ್ಕು ವಿನ್ಯಾಸದಲ್ಲಿ ಬಂದಿದೆ, ಎಲ್ಲವೂ ನಡೆಯುತ್ತದೆ ಎಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲೇ ಹೇಳಿದೆ ಎಂದೆ. ಅವರು ನಕ್ಕರು. ಗೆರೆ ಎಣಿಸಿ, ಅಂಚು ಮುಟ್ಟಿ, ಮೇಜಿಗೆ ಕುಟ್ಟಿ ಸದ್ದು ಕೇಳಿ, ಕೊನೆಗೂ ತಲೆಯಾಡಿಸಿದರು. ಎಂಥ ಪರೀಕ್ಷೆ! ಭಾವನನ್ನು ಇಲ್ಲಿ ಒಂದು ವಾರ ಕೂರಿಸಬೇಕಿತ್ತು ಅನಿಸಿತು. ನಾನು ಹತ್ತರ ನೋಟು ಹುಡುಕುತ್ತ, ನಾಣ್ಯಗಳ ವಿಷಯ ನನಗೆ ಸ್ವಲ್ಪ ಗೊತ್ತುಂಟು ಎಂದು ಗೊಣಗಿದೆ.

ಅವರ ಕಣ್ಣು ಅರಳಿತು. ಆಚೀಚೆ ನೋಡಿ, ಗಲ್ಲಾದ ಕೆಳಗಿನ ಖಾನೆಯಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು ನನ್ನ ಅಂಗೈಯಲ್ಲಿ ಇಟ್ಟರು. ರಾಮ, ಸೀತೆ, ಲಕ್ಷ್ಮಣ. ಹಿಂದೆ ಕಮಲ. 1818.

"ನಿಮಗೆ ಗೊತ್ತುಂಟಲ್ಲ, ಹೇಳಿ. ಎಷ್ಟು ಕೊಡಬಹುದು ಇದಕ್ಕೆ?"

ನಾನು ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಆಮೇಲೆ ಮೇಜಿನ ಮೇಲೆ ಹಾಗೆಯೇ ಬಿದ್ದಿದ್ದ ನನ್ನ ಹತ್ತು ರೂಪಾಯಿಯ ನಾಣ್ಯವನ್ನು ಅವರ ಕಡೆಗೆ ತಳ್ಳಿದೆ.